ಸೈನಿಕನ ಅಂಗಿಯ ಲಾಂಛನಗಳು : ಅಸಲು ಯಾವುದು, ನಕಲು ಯಾವುದು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ವಸ್ತುಪ್ರದರ್ಶನಕ್ಕೆಂದು ಊರವರು ತಾಳೆಗರಿಯ ಕಟ್ಟು, ಕಂಚಿನ ಕೊಳಗ, ಹಳೆಯ ಪಠ್ಯಪುಸ್ತಕಗಳು ಮುಂತಾದುವನ್ನು ಪ್ರೀತಿಯಿಂದ ತಂದುಕೊಟ್ಟಿದ್ದಾರೆ. ಅವುಗಳ ನಡುವೆ ಖಾಕಿ ಬಣ್ಣದ ಒಂದು ಸೈನಿಕ ಅಂಗಿಯೂ ಇದೆ. ಅದರ ವಿಷಯದಲ್ಲಿ ನಾನು ಹಿಂದೊಮ್ಮೆ ತಪ್ಪು ಪಾಠ ಹೇಳಿದ್ದೇನೆ. ಅದನ್ನು ತಿದ್ದಿಕೊಳ್ಳುವುದಕ್ಕೆ ಇದಕ್ಕಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಸೇವೆಯಲ್ಲಿದ್ದಾಗ ಒಂದು ಸ್ವಾತಂತ್ರ್ಯೋತ್ಸವದ ದಿನ ಇದೇ ಅಂಗಿಯನ್ನು ಎತ್ತಿಹಿಡಿದು, “ಮಕ್ಕಳೇ, ಇದರ ಒಂದೊಂದು ಗುಂಡಿಯೂ 1944ರ ಬರ್ಮಾ ಯುದ್ಧವನ್ನು ಕಂಡಿದೆ” ಎಂದು ಆವೇಶದಿಂದ ಭಾಷಣ ಮಾಡಿದೆ. ಸಭೆ ಮುಗಿದ ಮೇಲೆ ಎಂಟನೆಯ ತರಗತಿಯ ಒಬ್ಬ ಬಾಲಕಿ ಬಳಿಗೆ ಬಂದು, “ಸಾರ್, ಗುಂಡಿಯ ಮೇಲೆ ಮೂರು ಸಿಂಹಗಳಿವೆ. ಅಶೋಕನ ಸಿಂಹ ನಮ್ಮ ರಾಷ್ಟ್ರಲಾಂಛನವಾದದ್ದು 1950ರಲ್ಲಿ ಎಂದು ನೀವೇ ಹೇಳಿದ್ದಿರಲ್ಲವೇ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡದ್ದರ ಸಾರ ಇಲ್ಲಿದೆ.

ಕಿರೀಟ ಮತ್ತು ಸಿಂಹ

ಲಾಂಛನವನ್ನು ಪರೀಕ್ಷಿಸುವವನು ಮೊದಲು ನೋಡಬೇಕಾದದ್ದು ಅದರ ಕಾಲವನ್ನು. 1901ರಿಂದ 1952ರವರೆಗೆ ಆಳಿದ ಬ್ರಿಟನ್ನಿನ ದೊರೆಗಳ ಕಾಲದ ಬಿಲ್ಲೆಗಳಲ್ಲಿ ಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗೆ ಮೇಲೆದ್ದಿರುತ್ತವೆ. ಸಂಗ್ರಾಹಕರು ಇದನ್ನು ‘ರಾಜನ ಕಿರೀಟ’ ಎನ್ನುತ್ತಾರೆ. ಎರಡನೆಯ ಎಲಿಜಬೆತ್ ರಾಣಿಯ ಕಾಲದ ಕಿರೀಟದಲ್ಲಿ ಕಮಾನುಗಳು ನಡುವೆ ತಗ್ಗಿ ಬಾಗಿರುತ್ತವೆ. ಇದು ‘ರಾಣಿಯ ಕಿರೀಟ’. ಭಾರತವಾದರೋ 1950ರ ಜನವರಿ 26ರಂದು ಗಣರಾಜ್ಯವಾಗಿ ಕಿರೀಟವನ್ನು ತ್ಯಜಿಸಿ ಸಿಂಹವನ್ನು ಧರಿಸಿತು. ಅಧಿಕಾರಿಗಳ ಹೆಗಲ ಮೇಲೆ ಬ್ರಿಟಿಷ್ ‘ಬಾತ್’ ಬಿರುದಿನ ಮಾದರಿಯ ನಕ್ಷತ್ರಕ್ಕೆ ಬದಲಾಗಿ ಐದು ಮೊನೆಯ ನಕ್ಷತ್ರ ಬಂದಿತು. ಆದುದರಿಂದ ಬಾಗಿದ ರಾಣಿಯ ಕಿರೀಟವುಳ್ಳ ಬಿಲ್ಲೆಯನ್ನು ತೋರಿಸಿ, ಎರಡನೆಯ ಮಹಾಯುದ್ಧದ ಭಾರತೀಯ ಸೈನಿಕನದು ಎಂದು ಯಾರಾದರೂ ಹೇಳಿದರೆ ಆ ಮಾತು ಸಲ್ಲದು. ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 2022ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸ್ ದೊರೆ ಮತ್ತೆ ದುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡಿದ್ದಾರೆ. ದುಂಡು ಕಿರೀಟವಿದ್ದ ಮಾತ್ರಕ್ಕೆ ಬಿಲ್ಲೆ ಹಳೆಯದಾಗಬೇಕಿಲ್ಲ.

ದೇಶೀಯ ಸಂಸ್ಥಾನಗಳ ಸೇನೆಗಳಿಗೆ ತಮ್ಮವೇ ಆದ ಗುರುತುಗಳಿದ್ದವು. ಮೈಸೂರಿನವರದು ಗಂಡಭೇರುಂಡ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ದಳವು ಸ್ವಾತಂತ್ರ್ಯಾನಂತರ 61ನೆಯ ಅಶ್ವದಳದಲ್ಲಿ ವಿಲೀನವಾಯಿತು. ಮೈಸೂರಿನ ಪದಾತಿ ದಳವು ಮದರಾಸು ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು. ಆ ರೆಜಿಮೆಂಟಿನ ಕೇಂದ್ರ ನಮಗೆ ಸಮೀಪದ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿದೆ. ಅದರ ಲಾಂಛನದ ಆನೆ 1803ರ ಅಸಾಯೆ ಯುದ್ಧದ ನೆನಪು. ದಳಗಳ ಈ ಚರಿತ್ರೆಯನ್ನು ಅರಿಯದವನಿಗೆ ಬಿಲ್ಲೆ ಮಾತನಾಡುವುದಿಲ್ಲ.

ಅಚ್ಚು ಮತ್ತು ಎರಕ

ಎರಡನೆಯದು ತಯಾರಿಕೆಯ ವಿಧಾನ. ಹಳೆಯ ಲೋಹದ ಬಿಲ್ಲೆಗಳಲ್ಲಿ ಬಹುಪಾಲು ಹಿತ್ತಾಳೆಯ ತಗಡನ್ನು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ಮಾಡಿದವು. ಅವುಗಳ ಗೆರೆಗಳು ಚೂಪಾಗಿರುತ್ತವೆ. ಮುಂಭಾಗದಲ್ಲಿ ಉಬ್ಬಿದ್ದು ಹಿಂಭಾಗದಲ್ಲಿ ತಗ್ಗಾಗಿ ಕಾಣುತ್ತದೆ. ನಕಲು ಮಾಡುವವನು ಅನೇಕ ವೇಳೆ ಅಸಲು ಬಿಲ್ಲೆಯಿಂದಲೇ ಪಡಿಯಚ್ಚು ತೆಗೆದು ಲೋಹವನ್ನು ಎರಕ ಹೊಯ್ಯುತ್ತಾನೆ. ಲೋಹ ಆರುವಾಗ ಕುಗ್ಗುವುದರಿಂದ ಅಂಥ ನಕಲು ಅಸಲಿಗಿಂತ ಒಂದಿಷ್ಟು ಚಿಕ್ಕದಾಗಿರುತ್ತದೆ. ಅದರ ಗೆರೆಗಳು ಮೊಂಡು. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಸೂಜಿಮೊನೆಯಂಥ ಗುಳಿಗಳು ಕಾಣುತ್ತವೆ. ಉಜ್ಜಿ ಉಜ್ಜಿ ಸವೆದ ಅಸಲು ಬಿಲ್ಲೆಯೂ ಮೊಂಡಾಗಿರಬಹುದಲ್ಲ ಎಂದು ನೀವು ಕೇಳಬಹುದು. ಸವೆತವು ಎತ್ತರದ ಭಾಗಗಳಲ್ಲಿ ಮಾತ್ರ ಇರುತ್ತದೆ, ತಗ್ಗಿನ ಗೆರೆಗಳು ಉಳಿದಿರುತ್ತವೆ. ಎರಕದಲ್ಲಿ ಎತ್ತರವೂ ತಗ್ಗೂ ಒಂದೇ ಸಮನೆ ಮಂಕಾಗಿರುತ್ತವೆ.

ಬಟ್ಟೆ, ನೂಲು, ಹೊಲಿಗೆ

ತೋಳಿನ ಮೇಲೆ ಹೊಲಿಯುವ ಡಿವಿಜನ್ ಗುರುತುಗಳ ಪರೀಕ್ಷೆ ಇನ್ನೂ ಕಠಿಣ. ನಾಲ್ಕನೆಯ ಭಾರತೀಯ ಡಿವಿಜನ್ನಿಗೆ ಕೆಂಪು ಹದ್ದು, ಐದನೆಯದಕ್ಕೆ ಕೆಂಪು ಚೆಂಡು. ಹದಿನೇಳನೆಯದಕ್ಕೆ ಆರಂಭದಲ್ಲಿ ಮಿಂಚು, ಆಮೇಲೆ ಕರಿಬೆಕ್ಕು. ಯುದ್ಧಕಾಲದಲ್ಲಿ ಇವುಗಳಲ್ಲಿ ಅನೇಕವನ್ನು ಪೇಟೆಯ ದರ್ಜಿಗಳೇ ಕೈಯಿಂದ ಕಸೂತಿ ಹಾಕಿ ಒದಗಿಸುತ್ತಿದ್ದರು. ಆದ್ದರಿಂದ ಬೆಕ್ಕಿನ ಬಾಲ ಸ್ವಲ್ಪ ಸೊಟ್ಟಗಿದೆ ಎಂಬ ಕಾರಣಕ್ಕೆ ಅದನ್ನು ನಕಲೆಂದು ತಳ್ಳಬಾರದು.

ನೂಲು ಮಾತ್ರ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಪಾಲಿಯೆಸ್ಟರ್ ನೂಲು ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಕಳಚಿ ಬಿದ್ದ ಎಳೆಯೊಂದನ್ನು ಹಿರಿಯರ ಸಮ್ಮುಖದಲ್ಲಿ ಚಿಮಟದಿಂದ ಹಿಡಿದು ಉರಿಗೆ ತಾಗಿಸಿದರೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅತಿನೇರಳೆ ದೀಪದ ಪರೀಕ್ಷೆಯೂ ಉಂಟು. ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಯುದ್ಧಾನಂತರ. ಅವು ಆ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತವೆ. ಆದರೆ ಹಳೆಯ ಅಂಗಿಯನ್ನು ಇಂದಿನ ಸೋಪಿನ ಪುಡಿಯಲ್ಲಿ ಒಗೆದರೂ ಅದು ಹೊಳೆಯುತ್ತದೆ. ಒಂದೇ ಪರೀಕ್ಷೆಯನ್ನು ನಂಬಿ ತೀರ್ಪು ಕೊಡಬಾರದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಅಂಗಿಯ ಪರೀಕ್ಷೆ

ಈಗ ನಮ್ಮ ಪ್ರದರ್ಶನದ ಅಂಗಿಗೆ ಬರೋಣ. ಒಳಭಾಗದಲ್ಲಿ ಮಸಿಯ ಮುದ್ರೆಯೊಂದು ಮಸುಕಾಗಿ ಉಳಿದಿದ್ದು, 1944 ಎಂಬ ಅಂಕಿ ಓದಲು ಸಿಗುತ್ತದೆ. ಹೊಲಿಗೆಯ ಎಳೆ ಹತ್ತಿಯದು. ಆದುದರಿಂದ ಬಟ್ಟೆ ಅಸಲು. ಗುಂಡಿಗಳು ಸಿಂಹದವು. ಇಂಥ ಗುಂಡಿಗಳನ್ನು ಹಿಂಬದಿಯ ಉಂಗುರದಿಂದ ಸಿಕ್ಕಿಸುವ ಪದ್ಧತಿಯಿದ್ದುದರಿಂದ ಬಟ್ಟೆಗೆ ಕತ್ತರಿ ತಾಗಿಸದೆ ಬದಲಾಯಿಸಬಹುದಿತ್ತು. ಅಂಗಿಯ ಒಡೆಯರು ಗಣರಾಜ್ಯದ ಸೇನೆಯಲ್ಲಿಯೂ ಕೆಲವು ವರ್ಷ ಸೇವೆ ಮಾಡಿದವರೆಂದು ಮನೆಯವರು ಹೇಳುತ್ತಾರೆ. ಹಾಗಾಗಿ ಆ ಗುಂಡಿಗಳನ್ನು ನಕಲೆನ್ನುವುದಕ್ಕೆ ಕಾರಣವಿಲ್ಲ. ದೇಶ ಕಿರೀಟವನ್ನು ಕಳಚಿದಾಗ ಸೈನಿಕನೂ ಕಳಚಿದನೆಂದು ತಿಳಿಯುವುದೇ ಯುಕ್ತ.

ತೊಡಕಾದದ್ದು ತೋಳಿನ ಕರಿಬೆಕ್ಕು. ಹಿಂದೆ ನಾನು ಕಂಡಾಗ ಅದು ಇರಲಿಲ್ಲ. ಅದರ ಅಂಚಿನ ಎಳೆ ಉರಿಯಲ್ಲಿ ಕರಗಿ ಮಣಿಯಾಯಿತು. ಬಹುಕಾಲ ಹೊಲಿದಿದ್ದ ಗುರುತಿನ ಕೆಳಗೆ ಬಟ್ಟೆಯ ಬಣ್ಣ ಮಾಸದೆ ಉಳಿದಿರಬೇಕು. ಇಲ್ಲಿ ಕೆಳಗಿನ ಬಟ್ಟೆಯೂ ಸುತ್ತಲಿನಷ್ಟೇ ಮಾಸಿತ್ತು. ವಿಚಾರಿಸಿದಾಗ ಮೊಮ್ಮಗನು, ಪ್ರದರ್ಶನಕ್ಕೆ ಶೋಭೆ ಬರಲೆಂದು ಪಟ್ಟಣದಲ್ಲಿ ಕೊಂಡುತಂದು ಹೊಲಿಸಿದೆನೆಂದು ನಿಜ ನುಡಿದನು. ಸೈನಿಕನ ಮಗಳು, ಈಗ ನನಗಿಂತಲೂ ಹಿರಿಯಳು, ಕಣ್ಣೀರು ತುಂಬಿಕೊಂಡು, “ಹಾಗಾದರೆ ನಮ್ಮಪ್ಪ ಯುದ್ಧಕ್ಕೇ ಹೋಗಲಿಲ್ಲವೇ ಮೇಷ್ಟ್ರೇ?” ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಆಕೆಯ ಕುಂಕುಮದ ಭರಣಿಯಲ್ಲಿಯೇ ಇತ್ತು. ಆರು ಮೊನೆಯ ಒಂದು ಕಂದುಬಣ್ಣದ ತಾರೆಯನ್ನು ಆಕೆ ತಂದು ತೋರಿಸಿದಳು. ಅದು ಬರ್ಮಾ ಸ್ಟಾರ್. ಬರ್ಮಾ ಹಾಗೂ ಅದರ ಗಡಿಯ ಬಂಗಾಳ, ಅಸ್ಸಾಮ್ ರಣಕ್ಷೇತ್ರಗಳಲ್ಲಿ ಸೇವೆ ಮಾಡಿದವರಿಗೆ ಕೊಟ್ಟ ಪದಕ. ಬ್ರಿಟಿಷ್ ಸೈನಿಕರಿಗೆ ಸಂದ ಈ ತಾರೆಗಳಲ್ಲಿ ಹೆಸರು ಕೆತ್ತಿರಲಿಲ್ಲ. ಭಾರತೀಯರಿಗೆ ಕೊಟ್ಟ ಬಹಳಷ್ಟು ತಾರೆಗಳ ಹಿಂಬದಿಯಲ್ಲಿ ಕ್ರಮಾಂಕ, ಹೆಸರು, ದಳ ಒತ್ತಿರುತ್ತವೆ. ಇದರಲ್ಲಿಯೂ ಆಕೆಯ ತಂದೆಯ ಹೆಸರು ಸ್ಪಷ್ಟವಾಗಿತ್ತು. ಓದಿ ಹೇಳಿದೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು.

ಪ್ರಿಯ ವಿದ್ಯಾರ್ಥಿಗಳೇ, ಇದರಲ್ಲಿ ನಾವು ಕಲಿಯಬೇಕಾದ ಪಾಠ ದೊಡ್ಡದು. ಆ ಸೈನಿಕನಿಗೆ ಕೊಂಡುತಂದ ಬೆಕ್ಕಿನ ಅಗತ್ಯವಿರಲಿಲ್ಲ. ಹಿರಿಯರ ಗೌರವವನ್ನು ಹೆಚ್ಚಿಸಲು ಅಂಟಿಸಿದ ಒಂದು ಸುಳ್ಳು, ಅವರ ನಿಜವಾದ ಸೇವೆಯನ್ನೇ ಸಂಶಯಕ್ಕೆ ಗುರಿಮಾಡಿತು. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡಿರುವ ನಾವು ನಮ್ಮ ಹಿಂದಿನವರ ಹಿರಿಮೆಯನ್ನು ಹೇಳುವಾಗ ಇದನ್ನು ಮರೆಯಬಾರದು. ನಮ್ಮ ರಾಜ್ಯದ ಹೆಸರು, ಶಾಲೆಯ ಫಲಕ, ಪುಸ್ತಕದ ಮೇಲಿನ ಮುದ್ರೆ ಕಾಲಕಾಲಕ್ಕೆ ಬದಲಾಗಿರಬಹುದು. ಆ ಬದಲಾವಣೆಗಳೂ ನಮ್ಮ ಚರಿತ್ರೆಯೇ. ಅವನ್ನು ಮರೆಮಾಡುವುದೂ ಬೇಡ, ಇಲ್ಲದ್ದನ್ನು ಹೊಲಿಯುವುದೂ ಬೇಡ.

ಪ್ರದರ್ಶನದಲ್ಲಿ ಅಂಗಿಯ ಪಕ್ಕದ ಚೀಟಿಯನ್ನು ನಾನೇ ಬರೆದಿದ್ದೇನೆ: “ಬಟ್ಟೆ 1944ರದು. ಗುಂಡಿಗಳು 1950ರ ಅನಂತರದವು. ಪದಕ ಇದೇ ಸೈನಿಕರದು. ಪಕ್ಕದಲ್ಲಿರಿಸಿದ ತೋಳಿನ ಗುರುತು ಇತ್ತೀಚಿನ ಪ್ರತಿಕೃತಿ.” ಅಂದು ಪ್ರಶ್ನೆ ಕೇಳಿದ ಬಾಲಕಿ ಇಂದು ಎಲ್ಲಿದ್ದರೂ ಈ ಸಂಚಿಕೆಯನ್ನು ಓದಲಿ. ಆಕೆ ಗುರುವನ್ನು ತಿದ್ದಿದಳು. ಅಂಥ ಪ್ರಶ್ನೆಗಳನ್ನು ಕೇಳುವ ಮಕ್ಕಳು ನಮ್ಮ ಶಾಲೆಯಲ್ಲಿ ಸದಾ ಇರಲಿ ಎಂದು ಹಾರೈಸುತ್ತೇನೆ.