ಹೊಸ ಕಾರ್ಡು ಕೊಳ್ಳುವ ಮೊದಲು ನಂಬರು ನೋಡಿ

ಪಹಣಿ ತೆಗೆಯಲು, ಬೆಳೆವಿಮೆ ವಿವರ ನೋಡಲು, ಅಡಿಕೆ ಧಾರಣೆ ತಿಳಿಯಲು ಈಗ ಎಷ್ಟೋ ಕೃಷಿಕರ ಮನೆಯಲ್ಲಿ ಕಂಪ್ಯೂಟರಿದೆ. ವಿಂಡೋಸ್ 10ಕ್ಕೆ ಕಂಪೆನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹಳೆಯದನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸುವ ಮಾತು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯೂ ಕೇಳುತ್ತಿದೆ.

ಹಾಕಿಸಿ ಮನೆಗೆ ತಂದ ಮೇಲೆ ಶುರುವಾಗುವುದು ಬೇರೆಯೇ ರಗಳೆ. ಸ್ವರ ಬರುವುದಿಲ್ಲ, ವೈಫೈ ಕಾಣುವುದಿಲ್ಲ, ಪ್ರಿಂಟರ್ ಅಲುಗುವುದಿಲ್ಲ. ‘ಇದ್ ಹೋಯ್ತ್ ಮರ್ರೆ’ ಎಂದು ಯಾರೋ ಹೇಳುತ್ತಾರೆ. ಹೊಸ ಕಾರ್ಡಿಗೆ ದುಡ್ಡು ಹೋಗುತ್ತದೆ. ನಿಜಕ್ಕೂ ಎಷ್ಟೋ ಸಲ ಹೋದದ್ದು ಕಾರ್ಡಲ್ಲ, ಅದರ ಡ್ರೈವರ್.

ಡ್ರೈವರ್ ಎಂದರೇನು?

ಪಂಪು ಸರಿ ಇದೆ, ಕರೆಂಟೂ ಇದೆ. ಆದರೆ ಸ್ಟಾರ್ಟರ್ ಇಲ್ಲದಿದ್ದರೆ ನೀರು ಬರುವುದಿಲ್ಲ. ಸಿಂಗಲ್ ಫೇಸ್ ಸ್ಟಾರ್ಟರನ್ನು ತ್ರೀ ಫೇಸ್ ಪಂಪಿಗೆ ಹಾಕಿದರೂ ಆಗದು. ಡ್ರೈವರೂ ಹಾಗೆಯೇ. ಅದು ಯಂತ್ರದ ಭಾಗವನ್ನು ವಿಂಡೋಸಿನೊಂದಿಗೆ ಜೋಡಿಸುವ ಸಣ್ಣ ಪ್ರೋಗ್ರಾಂ. ಒಂದೊಂದು ಭಾಗಕ್ಕೂ ಅದರದೇ ಡ್ರೈವರ್ ಬೇಕು. ಡಿಸ್ಕನ್ನು ಪೂರ್ತಿ ಅಳಿಸುವಾಗ ಇವೂ ಅಳಿಯುತ್ತವೆ. ಕೆಲವನ್ನು ವಿಂಡೋಸ್ ತಾನೇ ತುಂಬಿಕೊಳ್ಳುತ್ತದೆ, ಕೆಲವು ಉಳಿದುಬಿಡುತ್ತವೆ.

ಪತ್ತೆ ಮಾಡುವ ಕ್ರಮ

1. ಕೀಬೋರ್ಡಿನ ವಿಂಡೋಸ್ ಕೀ ಮತ್ತು ಎಕ್ಸ್ ಅಕ್ಷರ ಒಟ್ಟಿಗೆ ಒತ್ತಿ. ಬರುವ ಪಟ್ಟಿಯಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತು ಇರುವವು ತಕರಾರಿನ ಭಾಗಗಳು. ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿದ್ದರೆ ವೈಫೈ ಅಥವಾ ಕೇಬಲಿನ ಇಂಟರ್ನೆಟ್. ‘ಮಲ್ಟಿಮೀಡಿಯಾ ಆಡಿಯೋ’ ಎಂದಿದ್ದರೆ ಸ್ವರ.

2. ಅದರ ಮೇಲೆ ಎರಡು ಬಾರಿ ಒತ್ತಿ. ‘ಕೋಡ್ 28’ ಎಂದು ಬಂದರೆ ಡ್ರೈವರ್ ಇಲ್ಲ ಎಂದರ್ಥ. ಇದು ಒಳ್ಳೆಯ ಸುದ್ದಿ. ಭಾಗ ಇದೆ, ಕಂಪ್ಯೂಟರಿಗೆ ಕಾಣುತ್ತಲೂ ಇದೆ.

3. ‘ಡಿಟೇಲ್ಸ್’ಗೆ ಹೋಗಿ, ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಐಡಿ’ ಆರಿಸಿ. ‘ವಿಇಎನ್’ ಎಂಬುದರ ಮುಂದಿನ ನಾಲ್ಕಕ್ಷರ ತಯಾರಕರ ಗುರುತು: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್. ‘ಡಿಇವಿ’ ಮುಂದಿನ ನಾಲ್ಕು, ಆ ಭಾಗದ ಗುರುತು. ಎರಡನ್ನೂ ಕಾಗದದಲ್ಲಿ ಬರೆದಿಡಿ. ಹೆಸರು ಕಾಣದ ಭಾಗಕ್ಕೂ ಈ ನಂಬರು ಇರುತ್ತದೆ.

4. ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಈ ಗಂಟು ಬಿಡಿಸಲು ಆಂಡ್ರಾಯ್ಡ್ ಮೊಬೈಲ್ ಸಾಕು. ಅದನ್ನು ಚಾರ್ಜಿಂಗ್ ವಯರಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಕೆಲವು ವಯರ್ ಚಾರ್ಜಿಗೆ ಮಾತ್ರ. ಡಾಟಾ ಹೋಗುವಂಥದ್ದೇ ಬೇಕು.

5. ಈಗ ‘ವಿಂಡೋಸ್ ಅಪ್‌ಡೇಟ್’ ಓಡಿಸಿ. ಅದರೊಳಗಿನ ‘ಆಪ್ಷನಲ್ ಅಪ್‌ಡೇಟ್ಸ್’ ಸಹ ನೋಡಿ. ಬಿಟ್ಟುಹೋದ ಡ್ರೈವರ್‌ಗಳು ಅನೇಕ ಸಲ ಅಲ್ಲಿರುತ್ತವೆ. ಸಿಗದಿದ್ದರೆ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರು ಹಿಡಿದು ತಯಾರಕರ ವೆಬ್‌ಸೈಟಿನಲ್ಲಿ ಹುಡುಕಿ. ವಿಂಡೋಸ್ 11 ಆಗಿದ್ದರೆ 64 ಬಿಟ್ ಡ್ರೈವರೇ ಬೇಕು.

ಎಲ್ಲ ಡ್ರೈವರನ್ನೂ ಒಂದೇ ಗಳಿಗೆಯಲ್ಲಿ ಹಾಕಿಕೊಡುತ್ತೇವೆ ಎಂದು ದುಡ್ಡು ಕೇಳುವ ಪ್ರೋಗ್ರಾಂಗಳ ಹತ್ತಿರ ಹೋಗುವುದು ಬೇಡ.

ಪರದೆಗೆ ಹಳದಿ ಗುರುತು ಬರುವುದಿಲ್ಲ

ಅಕ್ಷರ ದೊಡ್ಡದಾಗಿ, ಚಿತ್ರ ಒರಟಾಗಿ ಕಂಡರೆ ‘ಡಿಸ್‌ಪ್ಲೇ ಅಡಾಪ್ಟರ್ಸ್’ ತೆರೆದು ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ’ ಎಂದಿದ್ದರೆ ಅದು ತಾತ್ಕಾಲಿಕ ಡ್ರೈವರ್. ಅಸಲಿ ಡ್ರೈವರ್ ಹಾಕಬೇಕು. ಪರದೆ ಬದಲಿಸಬೇಕಾಗಿಲ್ಲ.

ಹಾಲಿನ ಸೊಸೈಟಿಯಲ್ಲಿ

ಕಂಪ್ಯೂಟರಿಗೆ ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಜೋಡಿಸಿರುವ ಹಾಲಿನ ಸೊಸೈಟಿಗಳಲ್ಲಿ ಈ ವಿಷಯಕ್ಕೆ ಇನ್ನೂ ಬೆಲೆ. ಬೆಳಗ್ಗಿನ ಹಾಲು ಬರುವ ಹೊತ್ತಿಗೆ ಯಂತ್ರ ಅಂಕಿ ಕೊಡದಿದ್ದರೆ ಕೈಯಲ್ಲೇ ಬರೆಯಬೇಕು. ಫ್ಯಾಟಿನ ಅಂಕಿ ಒಂದು ತಪ್ಪಿದರೆ ಹಾಲು ಹಾಕಿದವರ ದುಡ್ಡು ಹೋಗುತ್ತದೆ.

ಇಂಥ ಯಂತ್ರಗಳನ್ನು ಅನೇಕ ಕಡೆ ಯುಎಸ್‌ಬಿ-ಸೀರಿಯಲ್ ವಯರಿನಿಂದ ಜೋಡಿಸಿರುತ್ತಾರೆ. ವಯರಿನೊಳಗೊಂದು ಚಿಪ್ ಇದೆ, ಅದಕ್ಕೂ ಡ್ರೈವರ್ ಬೇಕು. ಇಲ್ಲಿ ನಂಬರು ‘ವಿಐಡಿ’ ಎಂದು ಶುರುವಾಗುತ್ತದೆ: 067ಬಿ ಪ್ರೊಲಿಫಿಕ್, 0403 ಎಫ್‌ಟಿಡಿಐ, 1ಎ86 ಸಿಎಚ್340 ತಯಾರಕರದು. ಪ್ರೊಲಿಫಿಕ್ಕಿನ ಹಳೆಯ ಪಿಎಲ್2303 ಚಿಪ್ಪುಗಳನ್ನು ಅದೇ ಕಂಪೆನಿಯ ಹೊಸ ಡ್ರೈವರ್ ಒಪ್ಪುವುದಿಲ್ಲ. 2012ರಿಂದ ನಿಲ್ಲಿಸಿದ ಚಿಪ್ ಎಂದೋ, ‘ಕೋಡ್ 10’ ಎಂದೋ ತೋರಿಸುತ್ತದೆ. ಹಳೆಯ ಡ್ರೈವರ್ ಹಾಕಿ ನೋಡಬಹುದು. ಆಗದಿದ್ದರೆ ವಯರ್ ಒಂದನ್ನೇ ಬದಲಿಸಿ, ಫ್ಯಾಟ್ ಯಂತ್ರವನ್ನಲ್ಲ.

ಡ್ರೈವರ್ ಕೂತ ಮೇಲೂ ಅಂಕಿ ಬರದಿದ್ದರೆ ‘ಕಾಮ್ ಪೋರ್ಟ್’ ನಂಬರು ನೋಡಿ. ಮೊದಲು 3 ಇದ್ದದ್ದು ಈಗ 4 ಆಗಿರಬಹುದು. ಪೋರ್ಟ್ ಸೆಟ್ಟಿಂಗಿನ ‘ಅಡ್ವಾನ್ಸ್ಡ್’ನಲ್ಲಿ ಹಿಂದಿನ ನಂಬರನ್ನೇ ಕೊಡಿ.

ನಿಜವಾಗಿ ಕೆಟ್ಟಿದ್ದರೆ?

ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಭಾಗ ಸುಡುವುದು ನಮ್ಮ ಕಡೆ ಹೊಸತಲ್ಲ. ಪೂರ್ತಿ ಸುಟ್ಟಿದ್ದು ಹೆಚ್ಚಾಗಿ ಡಿವೈಸ್ ಮ್ಯಾನೇಜರಿನಲ್ಲಿ ಕಾಣುವುದೇ ಇಲ್ಲ; ಹಳದಿ ಗುರುತೂ ಇಲ್ಲ, ನಂಬರೂ ಇಲ್ಲ. ಸರಿಯಾದ ಡ್ರೈವರ್ ಹಾಕಿದ ಮೇಲೂ ಏಳದಿದ್ದರೆ ಆಗ ರಿಪೇರಿಯವರಿಗೆ ತೋರಿಸಿ.

ಅಳಿಸುವ ಮೊದಲೇ

ಹಳೆಯ ವಿಂಡೋಸ್ ಇನ್ನೂ ಓಡುತ್ತಿದ್ದರೆ 16 ಜಿಬಿ ಪೆನ್‌ಡ್ರೈವ್ ತನ್ನಿ. ಸಿ ಡ್ರೈವಿನ ‘ವಿಂಡೋಸ್’ನಲ್ಲಿ ‘ಸಿಸ್ಟಮ್32’, ಅದರೊಳಗೆ ‘ಡ್ರೈವರ್‌ಸ್ಟೋರ್’, ಅದರೊಳಗೆ ‘ಫೈಲ್‌ರೆಪೋಸಿಟರಿ’ ಎಂಬ ಫೋಲ್ಡರ್ ಇದೆ. ಅದನ್ನು ಇಡಿಯಾಗಿ ನಕಲು ಮಾಡಿ. ಆಮೇಲೆ ಹಳದಿ ಗುರುತಿನ ಭಾಗದ ಮೇಲೆ ಬಲಬದಿ ಒತ್ತಿ, ‘ಅಪ್‌ಡೇಟ್ ಡ್ರೈವರ್’ನಲ್ಲಿ ಈ ಫೋಲ್ಡರನ್ನು ತೋರಿಸಿದರೆ ಬೇಕಾದ್ದನ್ನು ವಿಂಡೋಸ್ ತಾನೇ ಹೆಕ್ಕಿಕೊಳ್ಳುತ್ತದೆ. ಕಾಮ್ ಪೋರ್ಟ್ ನಂಬರನ್ನೂ ಬರೆದಿಡಿ.

ಅಂಗಡಿಗೆ ಕೊಡುವುದಾದರೂ ಪೆನ್‌ಡ್ರೈವ್ ನಿಮ್ಮ ಕೈಯಲ್ಲಿರಲಿ. ಹೊಸ ಭಾಗ ಬೇಕೆಂದು ಯಾರಾದರೂ ಹೇಳಿದರೆ ಕೋಡ್ ಎಷ್ಟು, ನಂಬರು ಯಾವುದು ಎಂದು ಕೇಳಿ.