ಮೊದಲು ಇನ್ಸರ್ಟ್ ಎಲ್ಲಿದೆ ನೋಡಿ, ಬೆಲೆ ಆಮೇಲೆ ಕೇಳಿ

ಕಣ್ಣು ಕಾಣದವರ ಮನೆಗೆ ಕಂಪ್ಯೂಟರ್ ತರುವ ಮಾತು ಬಂದರೆ ಮನೆಮಂದಿ ಮೊದಲು ಹೆದರುವುದು ಸಾಫ್ಟ್‌ವೇರ್ ಖರ್ಚಿಗೆ. ಒಂದು ಕಾಲದಲ್ಲಿ ಆ ಹೆದರಿಕೆಗೆ ಕಾರಣವಿತ್ತು. ಅಮೆರಿಕದ ಟೆಡ್ ಹೆಂಟರ್ 1989ರಲ್ಲಿ ತಂದ ಜಾಸ್ ಎಂಬ ಸ್ಕ್ರೀನ್ ರೀಡರ್ ಇಂದಿಗೂ ದುಬಾರಿ. ಆದರೆ 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಬರೆಯತೊಡಗಿದ ಎನ್‌ವಿಡಿಎ ಪೂರ್ತಿ ಉಚಿತ. ಕರನ್ ಅವರೂ ನನ್ನ ಹಾಗೆ ದೃಷ್ಟಿ ಇಲ್ಲದವರೇ. ಪರದೆಯ ಮೇಲಿನ ಬರಹವನ್ನು ಎನ್‌ವಿಡಿಎ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಖಾನಾಪುರದಿಂದ ಬೆಳಗಾವಿಗೆ ಹೋಗಿಬಂದು ಒಂದು ಖಾಸಗಿ ಕಚೇರಿಯ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಕೆಲಸ ನಡೆದಿರುವುದು ಅದರ ಮೇಲೆಯೇ. ಹಾಗಾಗಿ ನಮ್ಮಂಥವರ ಜೇಬಿನ ಪ್ರಶ್ನೆ ಈಗ ಕೀಬೋರ್ಡಿಗೆ ಬಂದು ನಿಂತಿದೆ. ಮೌಸ್ ನಮಗೆ ಕೆಲಸಕ್ಕೆ ಬಾರದು. ಬೆಳಗ್ಗೆಯಿಂದ ಸಂಜೆಯವರೆಗೆ ಎಲ್ಲ ವ್ಯವಹಾರ ಬೆರಳುಗಳಲ್ಲೇ ಆಗಬೇಕು.

ಇಲ್ಲಿ ಹಣ ಪೋಲಾಗುವುದು ಕಡಿಮೆ ಖರ್ಚು ಮಾಡಿದ್ದರಿಂದಲ್ಲ, ಹೆಚ್ಚು ಖರ್ಚು ಮಾಡಿದ್ದರಿಂದ.

ನಮ್ಮ ಓಣಿಯ ಹುಡುಗಿಯೊಬ್ಬಳು ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಓದುತ್ತಾಳೆ. ಹುಟ್ಟಿನಿಂದ ಕಣ್ಣಿಲ್ಲ. ಪುಣೆಯಲ್ಲಿರುವ ಸೋದರಮಾವ ತೆಳ್ಳನೆಯ ಚಂದದ ಲ್ಯಾಪ್‌ಟಾಪ್ ಕೊಡಿಸಿದ. ಅದನ್ನು ನನ್ನ ತೊಡೆಯ ಮೇಲಿಟ್ಟು ಅವಳು ಕೇಳಿದ ಮೊದಲ ಮಾತು, “ಕಾಕಾ, ಇದರಾಗ ಇನ್ಸರ್ಟ್ ಎಲ್ಲೈತ್ರಿ?” ನಾನೂ ಬೆರಳಾಡಿಸಿದೆ. ಮೇಲಿನ ಸಾಲಿನ ಕೀಲಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಇನ್ಸರ್ಟ್ ಬೇಕೆಂದರೆ ಎಫ್‌ಎನ್ ಹಿಡಿದು ಇನ್ನೊಂದು ಕೀಲಿ ಒತ್ತಬೇಕು. ಎನ್‌ವಿಡಿಎಗೂ ಜಾಸ್‌ಗೂ ಹೆಚ್ಚಿನ ಆಜ್ಞೆಗಳು ಇನ್ಸರ್ಟ್ ಹಿಡಿದುಕೊಂಡೇ ಕೊಡುವಂಥವು. ಇನ್ಸರ್ಟ್ ಜತೆ ಟಿ ಒತ್ತಿದರೆ ಕಿಟಕಿಯ ಹೆಸರು, ಕೆಳಬಾಣ ಒತ್ತಿದರೆ ಇಡೀ ಪುಟದ ಓದು, ಎಫ್12 ಒತ್ತಿದರೆ ಗಂಟೆ. ಒಂದು ಕೈಯಲ್ಲಿ ಆಗುವ ಕೆಲಸಕ್ಕೆ ಮೂರು ಬೆರಳು, ಎರಡು ಕೈ ಬೇಕಾಗುತ್ತವೆ. ಕ್ಯಾಪ್ಸ್ ಲಾಕ್ ಅನ್ನೇ ಇನ್ಸರ್ಟ್ ಬದಲಿಗೆ ಬಳಸುವ ಆಯ್ಕೆ ಎನ್‌ವಿಡಿಎಯಲ್ಲಿ ಇದೆ. ಕೈಯಲ್ಲಿ ಕಾಸಿಲ್ಲದಿದ್ದರೆ ಅದನ್ನು ಕಲಿಯಿರಿ, ಒಂದು ಪೈಸೆ ಖರ್ಚಿಲ್ಲ. ಆದರೆ ಲೆಕ್ಕದ ಕೆಲಸ ಮಾಡುವವರಿಗೆ ಅದು ಸಾಲದು.

ಯಾಕೆಂದರೆ ಬಲಗಡೆಯ ನಂಬರ್ ಪ್ಯಾಡ್ ನಮಗೆ ಬರೀ ಅಂಕಿ ಹಾಕುವ ಜಾಗವಲ್ಲ. ನಮ್ ಲಾಕ್ ಆರಿಸಿದ್ದಾಗ ಅಲ್ಲಿನ 7, 8, 9 ಹಿಂದಿನ, ಈಗಿನ, ಮುಂದಿನ ಸಾಲನ್ನು ಓದುತ್ತವೆ. 4, 5, 6 ಪದಗಳನ್ನು, 1, 2, 3 ಒಂದೊಂದೇ ಅಕ್ಷರವನ್ನು. ಐದನ್ನು ಎರಡು ಸಲ ಒತ್ತಿದರೆ ಆ ಪದವನ್ನು ಬಿಡಿಬಿಡಿಯಾಗಿ ಕಾಗುಣಿತ ಹೇಳುತ್ತದೆ. ನೆಫ್ಟ್‌ನಲ್ಲಿ ಹಣ ಹೋಗುವುದು ಖಾತೆ ಸಂಖ್ಯೆಯ ಮೇಲೆ. ಒಂದು ಅಂಕಿ ಅದಲುಬದಲಾದರೆ ದುಡ್ಡು ಇನ್ನೊಬ್ಬರ ಖಾತೆಗೆ ಬೀಳಬಹುದು. ಕಣ್ಣಿದ್ದವರು ಒಮ್ಮೆ ದಿಟ್ಟಿಸಿ ನೋಡುವಲ್ಲಿ ನಾನು ಮೂರನ್ನು ಒತ್ತುತ್ತ ಒಂದೊಂದು ಅಂಕಿಯನ್ನೂ ಕಿವಿಯಿಂದ ತಾಳೆ ನೋಡುತ್ತೇನೆ. ಸಂಬಳದ ದಿನ ಅಷ್ಟೂ ಖಾತೆಗಳಿಗೆ ಹೀಗೇ. ಆ ಒಂಬತ್ತು ಕೀಲಿ ಇಲ್ಲದ ಕೀಬೋರ್ಡನ್ನು ಯಾರು ಬಿಟ್ಟಿ ಕೊಟ್ಟರೂ ನನಗೆ ಬೇಡ.

ಆದ್ದರಿಂದ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಕೈ ಆಡಿಸಿ. 1980ರ ದಶಕದ ಮಧ್ಯದಲ್ಲಿ ಐಬಿಎಂ ತಂದ 101 ಕೀಲಿಗಳ ಜೋಡಣೆಯೇ ನಮಗೆ ಇವತ್ತಿಗೂ ಒಗ್ಗುವುದು. ಎಫ್1ರಿಂದ ಎಫ್4, ನಡುವೆ ಸಂದು, ಮತ್ತೆ ನಾಲ್ಕು, ಮತ್ತೆ ಸಂದು, ಮತ್ತೆ ನಾಲ್ಕು. ಇನ್ಸರ್ಟ್, ಹೋಮ್, ಪೇಜ್ ಅಪ್ ಸೇರಿ ಆರು ಕೀಲಿಗಳ ಬೇರೆಯದೇ ಗುಂಪು. ಅದರ ಕೆಳಗೆ ಬಾಣಗಳು. ಈ ಸಂದುಗಳೇ ನಮ್ಮ ಗುರುತುಕಲ್ಲು. ಜಾಗ ಉಳಿಸಲು ಅವನ್ನು ಮುಚ್ಚಿದ ಕೀಬೋರ್ಡಿನಲ್ಲಿ ಪ್ರತಿ ಸಲ ಮೂಲೆಯಿಂದ ಎಣಿಸುತ್ತ ಬರಬೇಕಾಗುತ್ತದೆ. ಎಫ್, ಜೆ ಮತ್ತು ನಂಬರ್ ಪ್ಯಾಡಿನ 5ರ ಮೇಲಿನ ಉಬ್ಬು ಉಗುರಿಗಲ್ಲ, ಬೆರಳ ತುದಿಗೆ ಸಿಗಬೇಕು. ಖಾನಾಪುರದ ಮಳೆಗಾಲದ ತೇವಕ್ಕೆ ಹೆದರಿ ಕೆಲವರು ರಬ್ಬರಿನ ಹೊದಿಕೆ ಹಾಕುತ್ತಾರೆ, ಉಬ್ಬೇ ಮುಚ್ಚಿಹೋಗುತ್ತದೆ. ಕೆಲಸ ಮುಗಿದ ಮೇಲೆ ಒಣ ಬಟ್ಟೆ ಮುಚ್ಚಿದರೆ ಸಾಕು.

ಬಲಗಡೆಯ ಕಂಟ್ರೋಲ್ ಪಕ್ಕದಲ್ಲಿ ಮೆನು ಕೀಲಿ ಇದೆಯೇ ಎಂದೂ ನೋಡಿ. ಮೌಸಿನ ಬಲ ಗುಂಡಿ ಒತ್ತಲಾಗದ ನಮಗೆ ಅದರ ಕೆಲಸ ಮಾಡುವುದು ಅದೇ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಕೀಲಿ ಘೋಷಿಸಿದ ಮೇಲೆ ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಜಾಗ ಅದಕ್ಕೆ ಹೋಗಿದೆ. ಶಿಫ್ಟ್ ಎಫ್10 ಒತ್ತಬಹುದು, ನಿಜ. ಆದರೆ ಎಫ್ ಕೀಲಿಗಳು ದನಿ, ಬೆಳಕು ಹೆಚ್ಚುಕಡಿಮೆ ಮಾಡಲೆಂದೇ ಹೊಂದಿಸಿದ ಲ್ಯಾಪ್‌ಟಾಪಿನಲ್ಲಿ ಅದಕ್ಕೂ ಎಫ್‌ಎನ್ ಹಿಡಿಯಬೇಕು. ಈ ಹೊಂದಿಕೆ ಬದಲಿಸುವ ಜಾಗ ಕೆಲವು ಯಂತ್ರಗಳಲ್ಲಿ ವಿಂಡೋಸ್‌ಗೂ ಮೊದಲು ತೆರೆಯುವ ಬಯೋಸ್ ಒಳಗಿರುತ್ತದೆ, ಅಲ್ಲಿ ಸ್ಕ್ರೀನ್ ರೀಡರ್ ಮಾತಾಡುವುದೇ ಇಲ್ಲ. ಯುಎಸ್‌ಬಿಗೆ ಚುಚ್ಚುವ ಸಾದಾ ಕೀಬೋರ್ಡ್ ಈ ತಾಪತ್ರಯಗಳನ್ನೆಲ್ಲ ಒಂದೇ ಏಟಿಗೆ ಕಳೆಯುತ್ತದೆ.

ಹುಡುಗಿಯನ್ನು ಕರೆದುಕೊಂಡು ಬೆಳಗಾವಿಯ ಒಂದು ಅಂಗಡಿಗೆ ಹೋದಾಗ ಅಲ್ಲಿನ ಹುಡುಗ ಮೊದಲು ತೆಗೆದದ್ದು 2,400 ರೂಪಾಯಿಯದು. “ಸರ, ಇದು ಲೈಟಿನ ಗೇಮಿಂಗ್ ಕೀಬೋರ್ಡ್ ಐತ್ರಿ, ಮಸ್ತ್ ಓಡಾಕತ್ತೈತಿ.” ನಂಬರ್ ಪ್ಯಾಡ್ ಇರಲಿಲ್ಲ. ಕೆಳಗೆ ಹೊಳೆಯುವ ದೀಪಕ್ಕೆ ಅವಳೇಕೆ ದುಡ್ಡು ಕೊಡಬೇಕು? ವೈರ್‌ಲೆಸ್ ಕೂಡ ಬೇಡವೆಂದೆ. ಬ್ಯಾಟರಿ ಕುಂದಿದ್ದು ಅನೇಕ ಕೀಬೋರ್ಡುಗಳಲ್ಲಿ ಪುಟ್ಟ ದೀಪದಿಂದಷ್ಟೇ ತಿಳಿಯುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆಗೆ ಜಾರುವ ಮಾದರಿಗಳಲ್ಲಿ ಮೊದಲ ಒತ್ತು ಕಳೆದುಹೋಗುತ್ತದೆ. ನಮಗೆ ಆ ಮೊದಲ ಒತ್ತೇ ಇನ್ಸರ್ಟ್.

ನನ್ನ ಜೇಬಿನಲ್ಲಿ ಯಾವಾಗಲೂ ಎನ್‌ವಿಡಿಎ ಹಾಕಿದ ಪೆನ್‌ಡ್ರೈವ್ ಇರುತ್ತದೆ, ಹೆಚ್ಚಿನ ವಿಂಡೋಸ್ ಯಂತ್ರಗಳಲ್ಲಿ ಇನ್‌ಸ್ಟಾಲ್ ಮಾಡದೆ ಅದು ಓಡುತ್ತದೆ. ಅಂಗಡಿಯವರ ಒಪ್ಪಿಗೆ ಕೇಳಿ ಹಾಕಿದೆವು. ಇನ್ಸರ್ಟ್ ಜತೆ 1 ಒತ್ತಿದರೆ ಪರೀಕ್ಷೆಯ ಸ್ಥಿತಿ: ಯಾವ ಕೀಲಿ ಮುಟ್ಟಿದರೂ ಹೆಸರು ಹೇಳುತ್ತದೆ, ಕೆಲಸ ಮಾಡುವುದಿಲ್ಲ. ಹುಡುಗಿ ಎಡ ಮೂಲೆಯ ಎಸ್ಕೇಪ್‌ನಿಂದ ಬಲ ಮೂಲೆಯ ಎಂಟರ್‌ವರೆಗೆ ಒಂದೊಂದನ್ನೇ ಒತ್ತಿದಳು. ಆಮೇಲೆ ಇನ್ಸರ್ಟ್, ಶಿಫ್ಟ್, ಮೇಲ್ಬಾಣ ಮೂರನ್ನೂ ಒಟ್ಟಿಗೆ. ಒಂದು ಕೀಬೋರ್ಡ್ ಎರಡನ್ನಷ್ಟೇ ಹೇಳಿ ಮೂರನೆಯದನ್ನು ನುಂಗಿತು. ಅಗ್ಗದ ಕೀಬೋರ್ಡುಗಳ ಒಳಗಿನ ಹಾಳೆಯ ತಂತಿಜಾಲ ಮೂರು ಕೀಲಿಗಳ ಕೆಲವು ಕೂಟಗಳನ್ನು ಗುರುತಿಸುವುದಿಲ್ಲ. ಎಸ್, ಡಿ, ಎಫ್, ಜೆ, ಕೆ, ಎಲ್ ಆರನ್ನು ಬ್ರೈಲ್ ಚುಕ್ಕೆಗಳಂತೆ ಒಟ್ಟಿಗೆ ಒತ್ತಿ ಬರೆಯುವವರು ಈ ಪರೀಕ್ಷೆ ಮಾಡದೆ ಕೊಳ್ಳಲೇಬಾರದು. ಬೇರೆಯಾಗಿ ಸಿಗುವ ಪುಟ್ಟ ಯುಎಸ್‌ಬಿ ನಂಬರ್ ಪ್ಯಾಡನ್ನೂ ಹೀಗೇ ನೋಡಿ. ಕೆಲವು ಪ್ರತಿ ಒತ್ತಿಗೂ ತಾವೇ ನಮ್ ಲಾಕ್ ಹಾಕಿ ತೆಗೆಯುತ್ತವೆ. ಅಂಥದ್ದು ನಮಗೆ ಕಸ.

ಕೊನೆಗೆ ಒಪ್ಪಿಗೆಯಾದದ್ದು 650 ರೂಪಾಯಿಯ ತಂತಿಯದು. ಲಾಜಿಟೆಕ್ ಕೆ120, ಡೆಲ್ ಕೆಬಿ216 ಥರದ ಸಾದಾ ಕೀಬೋರ್ಡುಗಳು ಸಾವಿರದೊಳಗೇ ಸಿಗುತ್ತವೆ. ಬಿಲ್ ಕೇಳಿ ಪಡೆಯಿರಿ. 650ರಲ್ಲಿ 18 ಪ್ರತಿಶತ ಜಿಎಸ್‌ಟಿ ಎಂದು ಸುಮಾರು 99 ರೂಪಾಯಿ ಕೊಟ್ಟೇ ಇರುತ್ತೀರಿ, ವಾರಂಟಿಗೂ ಅದೇ ಕಾಗದ ಬೇಕು. ಕನ್ನಡ ಅಕ್ಷರದ ಸ್ಟಿಕ್ಕರಿಗೆ ದುಡ್ಡು ಬೇಡ. ಖಾನಾಪುರದ ಮಕ್ಕಳಿಗೆ ಕನ್ನಡವೂ ಬೇಕು, ಮರಾಠಿಯೂ ಬೇಕು. ಇನ್‌ಸ್ಕ್ರಿಪ್ಟ್ ಕಲಿತರೆ ಎರಡರ ಕಕಾರವೂ ಒಂದೇ ಕೀಲಿಯಲ್ಲಿ. ಒಂದು ಕಲಿಕೆಗೆ ಎರಡು ಭಾಷೆ. ಆದರೆ ಬರೆಯುವುದು ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ ಫಾಂಟಿನ ಕಡತವನ್ನು ಸ್ಕ್ರೀನ್ ರೀಡರ್ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಓದುತ್ತದೆ.

ಮನೆಗೊಂದು, ಕೆಲಸದ ಜಾಗಕ್ಕೊಂದು, ಒಂದೇ ಮಾದರಿಯವು ಎರಡು ಕೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ. ಕೀಬೋರ್ಡ್ ಬದಲಾದಾಗಲೆಲ್ಲ ಬೆರಳು ಹೊಸದಾಗಿ ಪಳಗಬೇಕು, ಅಷ್ಟು ದಿನ ವೇಗವೂ ಇಲ್ಲ, ಧೈರ್ಯವೂ ಇಲ್ಲ. ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಎಲ್ಲರಿಗೂ ಹೊಸ ಚಿಕ್ಕ ಕೀಬೋರ್ಡ್ ಬಂದು, ನನ್ನ ಹಳೆಯದು ಕೇಳದೆಯೇ ಗುಜರಿಗೆ ಹೋಯಿತು. ಆ ತಿಂಗಳ ಲೆಕ್ಕ ಮುಗಿಸಲು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ. ಸರ್ಕಾರಿ ನೌಕರಿಯಲ್ಲಿರುವವರು ನೆನಪಿಡಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಕೆಲಸಕ್ಕೆ ಬೇಕಾದ ಇಂಥ ಅನುಕೂಲ ಒದಗಿಸುವುದು ಕಚೇರಿಯ ಹೊಣೆ. ಲಿಖಿತವಾಗಿ ಕೇಳಿ. ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದ ವಿಕಲಚೇತನರ ಇಲಾಖೆಯ ಟಾಕಿಂಗ್ ಲ್ಯಾಪ್‌ಟಾಪ್ ಯೋಜನೆ ಇದೆ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡ್ ಮೊದಲೇ ಮಾಡಿಸಿಟ್ಟುಕೊಳ್ಳಿ.

ಹುಡುಗಿಯ ಬಳಿ ಮಾವ ಕಳಿಸಿದ 2,500 ರೂಪಾಯಿ ಇತ್ತು. ಖಾನಾಪುರದ ಮನೆಗೊಂದು, ಹಾಸ್ಟೆಲ್ಲಿಗೊಂದು ಕೀಬೋರ್ಡಿಗೆ 1,300. ತಂತಿಯ ಇಯರ್‌ಫೋನ್ 300. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬಂದು ಬೆರಳಿಗೂ ಕಿವಿಗೂ ತಾಳವಾಗುವುದಿಲ್ಲ. ಉಳಿದ 900ನ್ನು ಅಂಚೆ ಕಚೇರಿಯ ಖಾತೆಗೆ ಹಾಕಿಸಿದ್ದೇನೆ. ಈ ಮಾದರಿ ಅಂಗಡಿಯಿಂದ ಮರೆಯಾಗುವ ಸುದ್ದಿ ಬಂದರೆ ಅದರಲ್ಲೇ ಮೂರನೆಯದನ್ನು ಕೊಂಡಿಡಬೇಕು.