ಅಜ್ಜಿಯ ಮೈಯೊಳಗಿನ ಚಿನ್ನ

"ನನ್ನ ಮೈಯೊಳಗೇ ಚಿನ್ನ ಇದೆ ಕಣೋ" ಅಂತ ನಮ್ಮಜ್ಜಿ ಹೇಳ್ತಿದ್ರು. ತಮಾಷೆ ಅಂದ್ಕೊಂಡಿದ್ದೆ, ಆದ್ರೆ ಅದು ನಿಜ. ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇತ್ತು. ಆಗ ವಾರಕ್ಕೊಂದು ಚಿನ್ನದ ಇಂಜೆಕ್ಷನ್ ಕೊಡ್ತಿದ್ರಂತೆ. ಕೊಡೋ ಮುಂಚೆ ಪ್ರತಿ ಸಲ ಮೂತ್ರ ಪರೀಕ್ಷೆ. "ಚಿನ್ನ ಎಷ್ಟಿದೆ ಅಂತ ನೋಡ್ತಾರೇನೋ" ಅಂತ ಅಜ್ಜಿ ನಂಬಿದ್ರು. ಹಾಗಿದ್ರೆ ನಿಜವಾಗಿ ಏನು ನೋಡ್ತಿದ್ರು?

ಉಂಗುರದ ಚಿನ್ನ, ಹಲ್ಲಿಗೆ ಕಟ್ಟಿಸಿದ ಚಿನ್ನ ದೇಹದ ಜೊತೆ ಹೆಚ್ಚೇನೂ ವರ್ತಿಸುವುದಿಲ್ಲ. ಇಂಜೆಕ್ಷನ್‌ನಲ್ಲಿ ಇರೋದು ಲೋಹವಲ್ಲ, ಗಂಧಕಕ್ಕೆ ಅಂಟಿಕೊಂಡ ಚಿನ್ನದ ಲವಣ. ಇದನ್ನು ಕೀಲುನೋವಿಗೆ ಬಳಸಿ 1929ರಲ್ಲಿ ವರದಿ ಮಾಡಿದವರು ಫ್ರಾನ್ಸ್‌ನ ವೈದ್ಯ ಜಾಕ್ ಫಾರೆಸ್ಟಿಯೆ. ರಕ್ತಕ್ಕೆ ಸೇರಿದ ಚಿನ್ನ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಓಡಾಡುತ್ತದೆ. ಆಮೇಲೆ ಮೂತ್ರಪಿಂಡ, ಯಕೃತ್ತು, ಚರ್ಮದಲ್ಲಿ ಸೇರಿಕೊಂಡು ತುಂಬಾ ಕಾಲ ಉಳಿಯುತ್ತದೆ.

ಅದನ್ನು ಪತ್ತೆ ಹಚ್ಚೋದು ಹೇಗೆ? ಮುಖ್ಯವಾಗಿ ಎರಡು ದಾರಿ ನೋಡೋಣ.

ಒಂದು, ಐಸಿಪಿ-ಎಂಎಸ್. ಅಂಗಾಂಶದ ಚೂರನ್ನು ಆಮ್ಲದಲ್ಲಿ ಕರಗಿಸಬೇಕು. ಚಿನ್ನ ಕರಗೋಕೆ ಅಕ್ವಾ ರೀಜಿಯಾ ಬೇಕು, ಅಂದ್ರೆ 3 ಪಾಲು ಹೈಡ್ರೋಕ್ಲೋರಿಕ್, 1 ಪಾಲು ನೈಟ್ರಿಕ್ ಆಮ್ಲ. ಆ ದ್ರಾವಣವನ್ನು ಸಾವಿರಾರು ಡಿಗ್ರಿ ಬಿಸಿಯ ಪ್ಲಾಸ್ಮಾಗೆ ಸಿಂಪಡಿಸಿ, ದ್ರವ್ಯರಾಶಿ 197 ಇರುವ ಅಯಾನುಗಳನ್ನು ಎಣಿಸುತ್ತಾರೆ. ಶತಕೋಟಿಯಲ್ಲಿ ಒಂದು ಪಾಲು ಇದ್ದರೂ ಸಿಕ್ಕಿಬೀಳುತ್ತದೆ.

ಎರಡು, ನ್ಯೂಟ್ರಾನ್ ಆಕ್ಟಿವೇಷನ್. ಇಲ್ಲಿ ಕರಗಿಸೋ ತಾಪತ್ರಯ ಇಲ್ಲ. ಚೂರನ್ನು ರಿಯಾಕ್ಟರ್‌ನಲ್ಲಿಟ್ಟರೆ ಚಿನ್ನ-197 ಒಂದು ನ್ಯೂಟ್ರಾನ್ ಹಿಡಿದು ಚಿನ್ನ-198 ಆಗುತ್ತದೆ. ಇದರ ಅರ್ಧಾಯುಷ್ಯ ಸುಮಾರು 2.7 ದಿನ. ಅದು ಬಿಡುವ 412 ಕೆಇವಿ ಗಾಮಾ ಕಿರಣವೇ ಅದರ ಸಹಿ.

ಆದ್ರೆ ಇಷ್ಟೆಲ್ಲಾ ಮಾಡಿದ್ರೂ ಗೊತ್ತಾಗೋದು "ಎಷ್ಟು" ಅಂತ ಮಾತ್ರ. ಪ್ಲಾಸ್ಮಾದ ಬಿಸಿಗೆ ಎಲ್ಲ ಬಂಧಗಳೂ ಮುರಿಯುವುದರಿಂದ, ಚಿನ್ನ ಯಾವ ರೂಪದಲ್ಲಿತ್ತು ಅನ್ನೋ ಮಾಹಿತಿ ಹೋಗಿಬಿಡುತ್ತದೆ. ಇನ್ನೊಂದು ವಿಷಯ: ರಕ್ತದಲ್ಲಿ ಚಿನ್ನ ಎಷ್ಟಿದೆ ಅನ್ನೋದರಿಂದ ಯಾರಿಗೆ ತೊಂದರೆ ಆಗುತ್ತೆ ಅಂತ ಸರಿಯಾಗಿ ಹೇಳೋಕೆ ಆಗಲ್ಲ. ಅಷ್ಟೇ ಪ್ರಮಾಣ ಇದ್ದರೂ ಒಬ್ಬರಿಗೆ ಏನೂ ಆಗದೆ ಇರಬಹುದು, ಇನ್ನೊಬ್ಬರಿಗೆ ಮೈಯೆಲ್ಲ ತುರಿಕೆ, ಬಾಯಿ ಹುಣ್ಣು ಬರಬಹುದು. ಕೆಲವರಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕುಸಿಯುತ್ತವೆ. ವರ್ಷಗಟ್ಟಲೆ ತಗೊಂಡವರಲ್ಲಿ ಬಿಸಿಲು ಬೀಳುವ ಜಾಗದ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುವುದೂ ಉಂಟು. ಮೂತ್ರಪಿಂಡದ ಸೋಸುವ ಪೊರೆ ಹಾಳಾದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ.

ಅಜ್ಜಿಯ ಮೂತ್ರದಲ್ಲಿ ಹುಡುಕುತ್ತಿದ್ದದ್ದು ಈ ಪ್ರೋಟೀನನ್ನೇ, ಚಿನ್ನವನ್ನಲ್ಲ. ಪ್ರೋಟೀನ್ ಹೆಚ್ಚು ಕಂಡರೆ ಇಂಜೆಕ್ಷನ್ ನಿಲ್ಲಿಸುತ್ತಿದ್ದರು. ಈಗ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬಂದು ಚಿನ್ನದ ಸೂಜಿ ಹೆಚ್ಚುಕಡಿಮೆ ಮರೆಯಾಗಿದೆ.

ಲ್ಯಾಬ್‌ನಲ್ಲಿ ನಾವು ರೀಡಿಂಗ್ ಬಂದ ತಕ್ಷಣ ಬರೆದುಕೊಂಡು ಹೊರಟುಬಿಡ್ತೀವಿ. ಯಾವುದನ್ನು ಅಳೆದರೆ ಮನುಷ್ಯನಿಗೆ ಉಪಯೋಗ ಅಂತ ಮೊದಲು ಕೇಳಬೇಕು ಅನ್ನೋದನ್ನ ನಾನು ಕಲಿತದ್ದು ಅಜ್ಜಿಯ ಆ ಮೂತ್ರ ಪರೀಕ್ಷೆಯಿಂದ.